ನಮ್ಮೂರ ಡೊಳ್ಳು, ಬೆಣ್ಣೆದೋಸೆ ಕ್ರೂಸ್ ಹಡಗು ಹತ್ತುವುದು ಹೇಗೆ?

ದಾವಣಗೆರೆ, ಚಿತ್ರದುರ್ಗ ಕಡೆಯ ಕಲಾ ತಂಡದವರು, ಹೋಟೆಲ್ ಅಡುಗೆಯವರು ನನಗೆ ಕೇಳುವ ಪ್ರಶ್ನೆ ಒಂದೇ: "ಹಡಗಿನಾಗೆ ಪ್ರೋಗ್ರಾಮ್ ಕೊಡ್ಬೇಕು, ಯಾರನ್ನ ಹಿಡೀಬೇಕು?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆದಿದ್ದೇನೆ.

ನಮ್ಮದು ಬಯಲುಸೀಮೆ. ದೋಣಿ ಅಂದರೆ ನಮಗೆ ಮೊದಲು ನೆನಪಾಗುವುದು ಗೊರವಯ್ಯನ ಮರದ ಬಟ್ಟಲು. ಹಾಗಾಗಿ ಕ್ರೂಸ್, ಅಂದರೆ ಪ್ರವಾಸಿಗಳು ವಿಹಾರಕ್ಕೆ ಹೋಗುವ ಹಡಗಿನ ರೀತಿ ರಿವಾಜು ನಮಗೆ ಗೊತ್ತಿಲ್ಲದಿರುವುದು ಸಹಜ. ಒಂದು ಮಾತು ಮೊದಲೇ ತಲೆಯಲ್ಲಿರಲಿ. ಜಾತ್ರೆಯಲ್ಲಿ ಮಾಡುವುದನ್ನೇ ಹಡಗಿನಲ್ಲಿ ಮಾಡಲು ಆಗುವುದಿಲ್ಲ. ಬೆಂಕಿ ಇಲ್ಲ, ಕತ್ತಿ ಇಲ್ಲ, ರಾತ್ರಿಯಿಡೀ ಆಟ ಇಲ್ಲ, ಮನೆಯ ಬೆಣ್ಣೆ ಇಲ್ಲ. ಇಷ್ಟನ್ನೆಲ್ಲ ಬಿಟ್ಟ ಮೇಲೂ ಉಳಿಯುವ ರುಚಿ ಯಾವುದು ಅಂತ ಹುಡುಕಿಕೊಂಡವರಿಗೆ ಮಾತ್ರ ಎರಡನೇ ಸಲ ಕರೆ ಬರುತ್ತದೆ.

1. ಯಾವ ದಾರಿ ಅಂತ ಮೊದಲು ತೀರ್ಮಾನಿಸಿ

ಮೂರು ದಾರಿಗಳಿವೆ. ಮೂರನ್ನೂ ಕಲಸಿಕೊಂಡು ಕೇಳುವವರೇ ಜಾಸ್ತಿ.

ಮೊದಲನೆಯದು ಬಂದರಿನ ದಿನದ ಕಾರ್ಯಕ್ರಮ. ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ನೀವು ಜೆಟ್ಟಿಯಲ್ಲಿ, ಅಂದರೆ ಹಡಗು ನಿಲ್ಲುವ ಕಟ್ಟೆಯಲ್ಲಿ ಸ್ವಾಗತ ಕೊಡಬಹುದು. ಇಲ್ಲವೇ ಹಡಗಿನೊಳಗೆ ಹೋಗಿ ಒಂದು ಆಟ ಆಡಿ, ಅದು ಹೊರಡುವ ಮೊದಲು ಇಳಿದು ಬರಬಹುದು. ಪಾಸ್‌ಪೋರ್ಟ್ ಬೇಡ, ತರಬೇತಿ ಬೇಡ. ರಾತ್ರಿ ಊಟಕ್ಕಲ್ಲದಿದ್ದರೂ ಮಾರನೇ ಬೆಳಿಗ್ಗೆ ತಿಂಡಿಗೆ ಮನೆಯಲ್ಲಿರುತ್ತೀರಿ.

ಎರಡನೆಯದು ಅತಿಥಿ ಕಲಾವಿದರಾಗಿ ಎರಡು ಮೂರು ರಾತ್ರಿ ಪಯಣ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರಿಂದ ಮುಂಬೈನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಓಡಾಡುತ್ತಿದೆ. ಇಂಥ ದೇಶಿ ಪ್ರಯಾಣಗಳಲ್ಲಿ ಇರುವವರು ಹೆಚ್ಚಾಗಿ ನಮ್ಮವರೇ. ದೋಸೆ ಅಂದರೇನು ಅಂತ ಅವರಿಗೆ ಹೇಳಬೇಕಾಗಿಲ್ಲ.

ಮೂರನೆಯದು ಹಡಗಿನ ನೌಕರಿ. ಆರರಿಂದ ಒಂಬತ್ತು ತಿಂಗಳ ಕರಾರು. ಇದು ಕಲಾ ಪ್ರದರ್ಶನ ಅಲ್ಲ, ಉದ್ಯೋಗ. ಇದರ ಕಾಗದಪತ್ರವೇ ಬೇರೆ. ಇದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲನೆಯದರಿಂದಲೇ ಶುರುಮಾಡಿ ಅಂತ ನನ್ನ ಸಲಹೆ. ನಮಗೆ ಹತ್ತಿರದ ಬಂದರುಗಳು ಮಂಗಳೂರಿನ ಪಣಂಬೂರು ಮತ್ತು ಗೋವಾದ ಮುರಗಾಂವ್. ಪಣಂಬೂರಿನಲ್ಲಿ ಇಳಿಯುವ ವಿದೇಶಿಯರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ, ಗೋಡಂಬಿ ಕಾರ್ಖಾನೆ ಅಂತ ಸುತ್ತಿಸುತ್ತಾರೆ. ಸ್ವಾಗತಕ್ಕೆ ಯಕ್ಷಗಾನದ ವೇಷ, ಚೆಂಡೆ ಇದ್ದೇ ಇರುತ್ತದೆ. ಕರಾವಳಿಯ ತಂಡಗಳಿಗೆ ಬಂದರು ಮನೆ ಬಾಗಿಲಲ್ಲಿದೆ. ನಮ್ಮನ್ನು ಘಟ್ಟ ಇಳಿಸಿ ಯಾಕೆ ಕರೆಸಬೇಕು? ಕರಾವಳಿಯಲ್ಲಿ ಸಿಗದ್ದು ನಮ್ಮಲ್ಲಿದ್ದರೆ ಮಾತ್ರ. ಡೊಳ್ಳು, ವೀರಗಾಸೆ, ಲಂಬಾಣಿ ಕುಣಿತ, ಚಳ್ಳಕೆರೆಯ ಕಂಬಳಿ ನೇಯ್ಗೆ, ಮೊಳಕಾಲ್ಮೂರು ಸೀರೆ. ನಾವು ಮುಂದಿಡಬೇಕಾದ ಪಟ್ಟಿ ಇದು. ಭರತನಾಟ್ಯ, ಸಿನಿಮಾ ಹಾಡಿನ ಡ್ಯಾನ್ಸ್ ಸೇರಿಸಿ 'ಎಲ್ಲಾ ಮಾಡ್ತೀವಿ' ಅಂದರೆ ಯಾರೂ ಕರೆಯುವುದಿಲ್ಲ.

2. ಸಾಮಾನಿನ ಗಂಟು ಬಿಚ್ಚಿ ನೋಡಿ

ತಂಡಗಳು ಎಡವುವುದು ಹೆಚ್ಚಾಗಿ ಇಲ್ಲೇ. ಆಟ ಚೆನ್ನಾಗಿರುತ್ತದೆ, ಗೇಟಿನಲ್ಲಿ ಸಾಮಾನು ಸಿಕ್ಕಿಬೀಳುತ್ತದೆ. 2004ರಿಂದ ಜಗತ್ತಿನ ಎಲ್ಲ ದೊಡ್ಡ ಬಂದರುಗಳಲ್ಲೂ ಐಎಸ್‌ಪಿಎಸ್ ಅನ್ನುವ ಭದ್ರತಾ ನಿಯಮ ಜಾರಿಯಲ್ಲಿದೆ. ಯಾರು ಒಳಗೆ ಬರುತ್ತಾರೆ, ಏನು ತರುತ್ತಾರೆ ಅನ್ನುವುದಕ್ಕೆ ಲೆಕ್ಕ ಇರಲೇಬೇಕು. ವಿಮಾನ ನಿಲ್ದಾಣದ ಹಾಗೆ ಚೀಲ ಸ್ಕ್ಯಾನ್ ಆಗುತ್ತದೆ.

ವೀರಗಾಸೆಯವರ ಖಡ್ಗ. ನಿಜವಾದದ್ದು ಒಳಗೆ ಹೋಗುವುದಿಲ್ಲ. 'ಮೊಂಡು ಸಾರ್, ಬರೀ ತೋರ್ಸಕ್ಕೆ' ಅಂತ ಗೇಟಿನಲ್ಲಿ ವಾದ ಮಾಡಬೇಡಿ. ಹಗುರ ಮರದಲ್ಲಿ ಮಾಡಿಸಿ ಬೆಳ್ಳಿ ಬಣ್ಣ ಬಳಿಸಿ. ಅದರ ಫೋಟೋ, ಉದ್ದ, 'ಮರದ್ದು' ಅನ್ನುವ ವಿವರ ಮೊದಲೇ ಕಳಿಸಿ. ಕೆನ್ನೆಗೆ, ನಾಲಿಗೆಗೆ ಶಸ್ತ್ರ ಹಾಕಿಕೊಳ್ಳುವ ಸೇವೆಯನ್ನು ಪೂರ್ತಿ ಬಿಡಿ. ಅದು ದೇವರ ಮುಂದೆ ಮಾಡುವ ಕೆಲಸ, ಊಟ ಮುಗಿಸಿ ಕೂತವರ ಮುಂದೆ ಅಲ್ಲ. ಹಡಗಿನವರೂ ರಕ್ತದ ಭಯಕ್ಕೆ ಒಪ್ಪುವುದಿಲ್ಲ.

ಬೆಂಕಿ. ಕರ್ಪೂರ, ದೀವಟಿಗೆ, ಊದುಬತ್ತಿ, ಲೋಬಾನ ಯಾವುದೂ ಬೇಡ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೆಂಕಿಯದು. ಸಮುದ್ರದ ನಡುವೆ ಓಡಿಹೋಗಲು ಜಾಗ ಇಲ್ಲವಲ್ಲ. ಹೊಗೆ ಕಂಡರೆ ಸಾಕು ಸೆನ್ಸರ್ ಕೂಗುತ್ತದೆ, ಇಡೀ ಹಡಗು ಎಚ್ಚರಾಗುತ್ತದೆ. ಬ್ಯಾಟರಿಯ ದೀಪ ಒಯ್ಯಿರಿ.

ಗೊರವರ ಕುಲಾವಿ, ಅಂದರೆ ತಲೆಗೆ ಹಾಕುವ ಟೋಪಿ. ಹಳೆಯ ಕುಲಾವಿಗಳು ಕರಡಿಯ ಕೂದಲಿನವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದು ನಿಮ್ಮನ್ನು ಜೈಲಿನವರೆಗೂ ಎಳೆಯಬಹುದು. ಅಜ್ಜನ ಕಾಲದ್ದು ಅನ್ನುವುದು ಉತ್ತರವಾಗುವುದಿಲ್ಲ. ಕೃತಕ ಕೂದಲಿನದ್ದನ್ನೇ ಹಾಕಿಕೊಳ್ಳಿ. ನವಿಲುಗರಿಯೂ ಅಷ್ಟೇ. ಅದನ್ನು ದೇಶದಿಂದ ಹೊರಗೆ ಸಾಗಿಸುವುದಕ್ಕೆ ನಿಷೇಧವಿದೆ. ವಿದೇಶಿ ಹಡಗಿನ ಪ್ರವಾಸಿಗೆ ನೆನಪಿಗೆ ಅಂತ ಒಂದು ಗರಿ ಕೊಟ್ಟರೂ ಅವರಿಗೇ ತೊಂದರೆ.

ನಂದಿಕೋಲು. ಆಸೆ ಬಿಡಿ. ಅಷ್ಟು ಎತ್ತರದ ಕೋಲು ಹಡಗಿನ ರಂಗದ ಮೇಲೆ ನಿಲ್ಲುವುದಿಲ್ಲ. ಜೆಟ್ಟಿಯ ಬಯಲಲ್ಲಿ ಆಡಿಸಬಹುದು, ಗಾಳಿ ಕಡಿಮೆ ಇದ್ದರೆ.

ಇನ್ನು ಡೊಳ್ಳು. ಇದಕ್ಕೆ ತಕರಾರು ಇಲ್ಲ, ಆದರೆ ಅದರದ್ದೇ ಒಂದು ಕಾಯಿಲೆ ಇದೆ. ನಾವು ಮೊದಲ ಸಲ ಹೋದಾಗ ದಾವಣಗೆರೆಯ ಒಣ ಹವೆಯಲ್ಲಿ ಟಣ್ ಅನ್ನುವ ಹಾಗೆ ಬಿಗಿದುಕೊಂಡು ಹೊರಟಿದ್ದೆವು. ಬೆಳಿಗ್ಗೆ ಪಣಂಬೂರಿನಲ್ಲಿ ಇಳಿಸಿ ಹೆಬ್ಬೆರಳು ಒತ್ತಿದರೆ ಚರ್ಮ ಒದ್ದೆ ಗೋಣಿಚೀಲದ ಹಾಗೆ ಒಳಗೆ ಹೋಯಿತು. ಬಾರಿಸಿದರೆ ಚಾಪೆ ಕೊಡವಿದ ಸದ್ದು. ಕಡಲ ತೇವಕ್ಕೆ ಚರ್ಮ ಸಡಿಲಾಗುತ್ತದೆ. ಊರಲ್ಲಾದರೆ ಒಂದಿಷ್ಟು ಸೋಗೆ ಉರಿಸಿ ಕಾಯಿಸುತ್ತೇವೆ. ಅಲ್ಲಿ ಕಡ್ಡಿ ಗೀರುವ ಹಾಗಿಲ್ಲ. ಈಗ ನಾವು ಮಾಡುವುದು ಹೀಗೆ: ಡೊಳ್ಳನ್ನು ಪ್ಲಾಸ್ಟಿಕ್ ಹಾಳೆ ಸುತ್ತಿ ಒಯ್ಯುತ್ತೇವೆ. ಹಡಗಿನೊಳಗಿನ ಎಸಿ ಹಾಲ್‌ನಲ್ಲಿ ಆಟಕ್ಕೆ ಒಂದು ಗಂಟೆ ಮೊದಲೇ ಬಿಚ್ಚಿಡುತ್ತೇವೆ. ಎಸಿಯ ಒಣ ಗಾಳಿಗೆ ಚರ್ಮ ತಾನೇ ಬಿಗಿಯುತ್ತದೆ. ಆಮೇಲೆ ಹಗ್ಗ ಎಳೆದು ಸರಿಮಾಡಿಕೊಳ್ಳುತ್ತೇವೆ. ಜೆಟ್ಟಿಯ ಮೇಲಿನ ಸ್ವಾಗತಕ್ಕಾದರೆ ಎರಡು ಫೈಬರ್ ಹೊದಿಕೆಯ ಡೊಳ್ಳು ಜೊತೆಗಿರಲಿ. ನಾದ ಸ್ವಲ್ಪ ಬೋಳು, ಆದರೆ ಕೈಕೊಡುವುದಿಲ್ಲ.

3. ಆಟವನ್ನು ಗಡಿಯಾರಕ್ಕೆ ಹೊಂದಿಸಿ

ಹಡಗಿನ ರಂಗಮಂದಿರದಲ್ಲಿ ಒಂದು ಪ್ರದರ್ಶನ ಸಾಮಾನ್ಯವಾಗಿ 45 ನಿಮಿಷ. ಊಟ ಎರಡು ಪಂಕ್ತಿಯಲ್ಲಿ ನಡೆಯುವುದರಿಂದ ಒಂದೇ ಆಟವನ್ನು ಎರಡು ಸಲ ಆಡಿಸುತ್ತಾರೆ. 45 ಅಂದರೆ 45. ಇನ್ನೊಂದು ಪದ ಹಾಡಿ ಮುಗಿಸ್ತೀವಿ ಅನ್ನುವುದು ನಡೆಯುವುದಿಲ್ಲ, ಲೈಟ್ ಆಫ್ ಆಗುತ್ತದೆ. ನೀವು 40ಕ್ಕೆ ತಯಾರಾಗಿ. ನಾನು ಹಾಕಿಕೊಡುವ ಲೆಕ್ಕ ಹೀಗಿದೆ:

ಡೊಳ್ಳಿನ ಪ್ರವೇಶ, ಸಭಿಕರ ನಡುವಿನಿಂದ: 6 ನಿಮಿಷ
ವೀರಗಾಸೆ, ಎರಡು ಒಡಪು (ವೀರಭದ್ರನನ್ನು ಹೊಗಳಿ ಗಟ್ಟಿಯಾಗಿ ಹೇಳುವ ಮಾತು) ಮಾತ್ರ: 8 ನಿಮಿಷ
ಓಬವ್ವನ ಕತೆ: 8 ನಿಮಿಷ
ಲಂಬಾಣಿ ಕುಣಿತ: 6 ನಿಮಿಷ
ಸಭಿಕರನ್ನು ಕರೆದು ಡೊಳ್ಳು ಬಾರಿಸಿಸುವುದು: 5 ನಿಮಿಷ
ಕೊನೆಯ ಡೊಳ್ಳು: 7 ನಿಮಿಷ

ಒಡಪು ಕಡಿಮೆ ಮಾಡಿದ್ದಕ್ಕೆ ಹಿರಿಯ ಕಲಾವಿದರು ಬೇಜಾರಾಗುತ್ತಾರೆ. ನ್ಯಾಯವೇ. ಒಡಪಿನಲ್ಲೇ ವೀರಗಾಸೆಯ ಜೀವ ಇದೆ. ಆದರೆ ಕನ್ನಡ ಬಾರದವರಿಗೆ ಇಪ್ಪತ್ತು ನಿಮಿಷದ ಒಡಪು ಬರೀ ಕೂಗು. ಮೊದಲೇ ಇಂಗ್ಲಿಷಿನಲ್ಲಿ ಮೂರು ಸಾಲು ಹೇಳಿಸಿ: ದಕ್ಷನೆಂಬ ರಾಜ ಅಳಿಯನನ್ನು ಬಿಟ್ಟು ಯಜ್ಞ ಮಾಡಿದ, ಮಗಳು ಅವಮಾನದಿಂದ ಸತ್ತಳು, ಶಿವನ ಸಿಟ್ಟಿನಿಂದ ವೀರಭದ್ರ ಹುಟ್ಟಿದ. ಇಷ್ಟು ಸಾಕು. ಮಾವ ಅಳಿಯನ ಜಗಳ ಯಾವ ದೇಶದವರಿಗೆ ಅರ್ಥವಾಗುವುದಿಲ್ಲ ಹೇಳಿ?

ಓಬವ್ವನ ಕತೆಯನ್ನು ಯಾಕೆ ಸೇರಿಸಿದ್ದೇನೆ ಅಂದರೆ, ನಮ್ಮ ಕಡೆಯಿಂದ ಹಡಗಿಗೆ ಅದಕ್ಕಿಂತ ಒಳ್ಳೆಯ ಸರಕು ಇಲ್ಲ. ಒಬ್ಬ ಕಲಾವಿದೆ, ಒಂದು ಒನಕೆ, ಹಿಂದೆ ಒಂದು ಡೊಳ್ಳು. ರಂಗದ ಬದಿಯ ಪರದೆಯಲ್ಲಿ ಅಗಲ ಕಡಿಮೆ ಮಾಡಿ ಒಂದು ಕಿಂಡಿ ಮಾಡಿಸಿ. ಗಂಡ ಊಟಕ್ಕೆ ಕೂತ, ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸಿಪಾಯಿಯ ತಲೆ ಕಂಡಿತು. ಆಮೇಲೆ ಮಾತೇ ಬೇಡ. ಒಂದೊಂದು ತಲೆಗೆ ಡೊಳ್ಳಿನ ಒಂದು ಏಟು. ಸಭೆ ಲೆಕ್ಕ ಹಾಕಲು ಶುರುಮಾಡುತ್ತದೆ. ಒನಕೆ ಟೊಳ್ಳು ಮರದ್ದಾಗಿರಲಿ, ಅದರ ವಿವರವನ್ನೂ ಖಡ್ಗದ ಜೊತೆ ಕಳಿಸಿರಿ.

ಎಚ್ಚರಿಕೆಗಳು ಮೂರು. ಡೊಳ್ಳಿನವರು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಗೋಪುರ ಕಟ್ಟುವುದನ್ನು ಚಲಿಸುವ ಹಡಗಿನಲ್ಲಿ ಮಾಡಲೇಬೇಡಿ. ನೆಲ ಓಲಾಡುತ್ತದೆ, ಚಾವಣಿ ತಗ್ಗಿರುತ್ತದೆ. ಹನ್ನೆರಡು ಡೊಳ್ಳು ಬೇಡ, ಆರು ಸಾಕು. ಮುಚ್ಚಿದ ಹಾಲ್‌ನಲ್ಲಿ ಆರರ ಸದ್ದೇ ಹೊಟ್ಟೆ ನಡುಗಿಸುತ್ತದೆ, ಪಕ್ಕದಲ್ಲಿ ಮಲಗುವ ಕೋಣೆಗಳಿರುತ್ತವೆ. ಮತ್ತೆ, ಸಿನಿಮಾ ಹಾಡು ಬಳಸಿದರೆ ಹಕ್ಕಿನ ಪ್ರಶ್ನೆ ಬರುತ್ತದೆ. ಜನಪದ ಹಾಡನ್ನು ನೀವೇ ಹಾಡಿದರೆ ಆ ತಲೆನೋವಿಲ್ಲ.

4. ಯಾರನ್ನು ಕೇಳಬೇಕು

ಹಡಗಿನ ಕ್ಯಾಪ್ಟನ್‌ಗೆ ಪತ್ರ ಬರೆಯುವವರನ್ನು ನೋಡಿದ್ದೇನೆ. ಅದು ಕೆ.ಎಸ್.ಆರ್.ಟಿ.ಸಿ. ಡ್ರೈವರ್ ಹತ್ತಿರ ಹೊಸ ರೂಟ್ ಕೇಳಿದ ಹಾಗೆ. ಮನರಂಜನೆಗೆ 'ಕ್ರೂಸ್ ಡೈರೆಕ್ಟರ್' ಅಂತ ಇರುತ್ತಾರೆ. ಊಟಕ್ಕೆ 'ಎಕ್ಸಿಕ್ಯುಟಿವ್ ಶೆಫ್', ಅಂದರೆ ಮುಖ್ಯ ಅಡುಗೆಯವರು. ಆದರೆ ಅವರೂ ನಿಮಗೆ ನೇರವಾಗಿ ಸಿಗುವುದಿಲ್ಲ. ನಿಮಗೆ ಬೇಕಾದವರು ಗ್ರೌಂಡ್ ಹ್ಯಾಂಡ್ಲರ್. ಹಡಗಿನ ಕಂಪನಿಯ ಪರವಾಗಿ ದಡದಲ್ಲಿ ಬಸ್ಸು, ಗೈಡು, ಕಾರ್ಯಕ್ರಮ ಹೊಂದಿಸುವ ಪ್ರವಾಸಿ ಸಂಸ್ಥೆ ಇದು. ಮಂಗಳೂರು, ಗೋವಾ, ಕೊಚ್ಚಿ, ಮುಂಬೈನಲ್ಲಿ ಇಂಥವರಿದ್ದಾರೆ. ಬಂದರು ಕಚೇರಿಯಲ್ಲಿ, ಜಿಲ್ಲಾ ಪ್ರವಾಸೋದ್ಯಮ ಇಲಾಖೆಯಲ್ಲಿ ಕೇಳಿದರೆ ಈ ಸೀಸನ್‌ನಲ್ಲಿ ಯಾರು ಕೆಲಸ ನೋಡುತ್ತಿದ್ದಾರೆ ಅಂತ ಹೇಳುತ್ತಾರೆ.

ಅವರಿಗೆ ಕಳಿಸಬೇಕಾದದ್ದು ಸ್ವಲ್ಪವೇ. ಮೂರು ನಿಮಿಷದ ಒಂದು ವಿಡಿಯೋ, ಒಂದು ಪುಟದ ಪರಿಚಯ, ಎಷ್ಟು ಜನ, ಎಷ್ಟು ಜಾಗ ಬೇಕು, ಎಷ್ಟು ಮೈಕ್ ಬೇಕು, ಎಷ್ಟು ಹಣ. ಸನ್ಮಾನದ ಫೋಟೋ, ಶಾಲು ಹೊದಿಸಿದ ಫೋಟೋ, ಪೇಪರ್ ಕಟಿಂಗ್ ಬೇಡ. ವಿಡಿಯೋವನ್ನು ಮದುವೆ ಕ್ಯಾಮೆರಾದವರ ಹತ್ತಿರ ಹೂವು, ಹೃದಯ ಹಾರಿಸಿ ಎಡಿಟ್ ಮಾಡಿಸಬೇಡಿ, ಪ್ಲೀಸ್. ಮೊಬೈಲನ್ನು ಅಡ್ಡ ಹಿಡಿದು, ಒಂದೇ ಕಡೆ ನಿಂತು, ಕತ್ತರಿಸದೆ ತೆಗೆದದ್ದೇ ಒಳ್ಳೆಯದು. ಅವರಿಗೆ ನಿಮ್ಮ ತಂಡ ಒಟ್ಟಿಗೆ ಹೆಜ್ಜೆ ಹಾಕುತ್ತದಾ ಅಂತ ನೋಡಬೇಕು, ಅಷ್ಟೇ.

ಸಮಯದ ಲೆಕ್ಕ ಇನ್ನೊಂದು. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ವಿದೇಶಿ ಕ್ರೂಸ್ ಬರುವುದಿಲ್ಲ. ಸೀಸನ್ ಅಕ್ಟೋಬರ್, ನವೆಂಬರ್‌ಗೆ ಶುರುವಾಗಿ ಏಪ್ರಿಲ್, ಮೇವರೆಗೆ. ಹಾಗಾಗಿ ಮಾತುಕತೆ ಮಳೆಗಾಲಕ್ಕೆ ಮೊದಲೇ ಆಗಿರಬೇಕು. ಇಲ್ಲಿ ನಮ್ಮದೇ ಒಂದು ಇಕ್ಕಟ್ಟಿದೆ. ಅದೇ ತಿಂಗಳುಗಳಲ್ಲಿ ನಾಯಕನಹಟ್ಟಿ ಜಾತ್ರೆ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ, ಸಾಲು ಸಾಲು ಮದುವೆ. ಹಡಗಿನ ದಿನಾಂಕ ಒಪ್ಪಿಕೊಂಡು ಆಮೇಲೆ 'ಊರ ದೇವ್ರ ಕೆಲಸ ಬಂತು' ಅಂದರೆ ಆ ಗ್ರೌಂಡ್ ಹ್ಯಾಂಡ್ಲರ್ ಮತ್ತೆ ಫೋನ್ ಎತ್ತುವುದಿಲ್ಲ. ಜಾತ್ರೆಯ ದಿನಗಳನ್ನು ಪಂಚಾಂಗ ನೋಡಿ ಮೊದಲೇ ಗುರುತು ಹಾಕಿಕೊಂಡು, ಆ ದಿನ ಆಗಲ್ಲ ಅಂತ ಮೊದಲೇ ಹೇಳಿಬಿಡಿ.

5. ಪಟ್ಟಿ, ಪಾಸು, ಪಯಣ

ಹೆಸರಿನ ಪಟ್ಟಿ ಹಲವು ದಿನ ಮೊದಲೇ ಹೋಗುತ್ತದೆ. ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರ ಅಕ್ಷರವೂ ಹಾಗೇ ಇರಬೇಕು. ಆಧಾರ್‌ನಲ್ಲಿ 'ತಿಪ್ಪೇಸ್ವಾಮಿ ಎನ್' ಇದ್ದು ಪಟ್ಟಿಯಲ್ಲಿ 'ಸ್ವಾಮಿ' ಅಂತ ಬರೆದರೆ ಗೇಟಿನಲ್ಲಿ ಅವರು ಹೊರಗೆ, ತಂಡ ಒಳಗೆ. ಬಂದರಿನ ಪಾಸು, ಹಡಗಿನವರ ಒಪ್ಪಿಗೆ ಎರಡೂ ಬೇಕು. ಎರಡನ್ನೂ ಗ್ರೌಂಡ್ ಹ್ಯಾಂಡ್ಲರ್ ಮಾಡಿಸುತ್ತಾರೆ. ಕೊನೆ ಗಳಿಗೆಯಲ್ಲಿ ಒಬ್ಬರ ಬದಲು ಇನ್ನೊಬ್ಬರನ್ನು ಕರೆತರುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಇಬ್ಬರು ಹೆಚ್ಚುವರಿ ಕಲಾವಿದರ ಹೆಸರನ್ನು ಮೊದಲೇ ಸೇರಿಸಿ ಕೊಡಿ.

ಸಾಮಾನಿನ ಪಟ್ಟಿಯನ್ನು ಎರಡು ಪ್ರತಿ ಮಾಡಿ. ಒಳಗೆ ಹೋಗುವಾಗ ಎಣಿಸಿದ್ದು ಹೊರಗೆ ಬರುವಾಗಲೂ ಅಷ್ಟೇ ಇರಬೇಕು.

ಹಿಂದಿನ ದಿನವೇ ಹೊರಡಿ. ಆಗುಂಬೆ ಘಾಟಿಯಲ್ಲಿ ದೊಡ್ಡ ವಾಹನ ಬಿಡುವುದಿಲ್ಲ, ಮಿನಿ ಬಸ್ಸಾದರೆ ಸರಿ. ಬೆಳಗಿನ ಜಾವ ಹೊರಟು ಏಳು ಗಂಟೆಗೆ ಜೆಟ್ಟಿ ಮುಟ್ಟುತ್ತೇವೆ ಅನ್ನುವ ಧೈರ್ಯ ಬೇಡ. ತಂಡದಲ್ಲಿ ಯಾರಿಗಾದರೂ ಹಿಂದಿನ ಎರಡು ದಿನದಲ್ಲಿ ವಾಂತಿ, ಭೇದಿ ಆಗಿದ್ದರೆ ಬಿಟ್ಟು ಬನ್ನಿ. ಹಡಗಿನಲ್ಲಿ ಹೊಟ್ಟೆಯ ಸೋಂಕು ಬಹಳ ಬೇಗ ಹರಡುತ್ತದೆ. ಹತ್ತುವಾಗ ಈ ಬಗ್ಗೆ ಕೇಳುತ್ತಾರೆ, ಸುಳ್ಳು ಹೇಳಬೇಡಿ. ಎಲೆ ಅಡಿಕೆ, ಗುಟ್ಕಾ ಬಸ್ಸಿನಲ್ಲೇ ಬಿಡಿ. ಬಿಳಿ ಬಣ್ಣದ ಹಡಗಿನ ಮೇಲೆ ಒಂದು ಕೆಂಪು ಹನಿ ಬಿದ್ದರೂ ಇಡೀ ದಾವಣಗೆರೆಗೆ ಕೆಟ್ಟ ಹೆಸರು.

ರಾತ್ರಿ ಪಯಣ ಇದ್ದರೆ ಸುರಕ್ಷತಾ ಡ್ರಿಲ್ ಇರುತ್ತದೆ. ಏಳು ಸಲ ಗಿಡ್ಡ ಸೀಟಿ, ಒಂದು ಉದ್ದ ಸೀಟಿ. ಅದು ಕೇಳಿದರೆ ಮೇಕಪ್ ಅರ್ಧ ಆಗಿದ್ದರೂ ಎದ್ದು ಹೇಳಿದ ಜಾಗಕ್ಕೆ ಹೋಗಬೇಕು.

6. ಅಡುಗೆಯವರಿಗೆ

ಬೆಣ್ಣೆದೋಸೆ ಹಡಗಿನಲ್ಲಿ ಆಗುತ್ತದಾ? ಆಗುತ್ತದೆ. ಆದರೆ ನಿಮ್ಮ ಕೈಯಲ್ಲಿರುವ ಅರ್ಧ ಆಯುಧ ಕಸಿದುಕೊಂಡ ಮೇಲೆ.

ಸೌದೆ ಒಲೆ ಇಲ್ಲ, ಗ್ಯಾಸ್ ಕೂಡ ಇಲ್ಲ. ಹಡಗಿನ ಅಡುಗೆಮನೆಗೆ ಗ್ಯಾಲಿ ಅನ್ನುತ್ತಾರೆ. ಅಲ್ಲಿರುವುದು ಕರೆಂಟಿನ ಹಂಚು. ನಮ್ಮ ದಪ್ಪ ಕಬ್ಬಿಣದ ಹಂಚು ಸೌದೆಯ ಉರಿಯಲ್ಲಿ ಬಿಸಿ ಹಿಡಿದುಕೊಳ್ಳುತ್ತದೆ. ಕರೆಂಟಿನ ಹಂಚು ಹಿಟ್ಟು ಹುಯ್ದ ತಕ್ಷಣ ಸೋಲುತ್ತದೆ. ಮತ್ತೆ ಕಾವಿಗೆ ಬರಲು ಹೊತ್ತು ಬೇಕು. ಅಷ್ಟರಲ್ಲಿ ನೀವು ಅಭ್ಯಾಸಬಲದಿಂದ ಎರಡನೇ ಸಾಲು ಹುಯ್ದುಬಿಡುತ್ತೀರಿ, ದೋಸೆ ಬೆಳ್ಳಗೆ, ಮೆತ್ತಗೆ, ಇಡ್ಲಿಯ ತಮ್ಮನ ಹಾಗೆ ಏಳುತ್ತದೆ. ಉಪಾಯ ಇಷ್ಟು: ಹಂಚಿನ ಅರ್ಧದಲ್ಲಿ ಹುಯ್ಯಿರಿ, ಇನ್ನರ್ಧ ಕಾಯುತ್ತಿರಲಿ. ಸುಮಾರು 200 ಡಿಗ್ರಿ ತೋರಿಸುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ. ಬೆಣ್ಣೆಯನ್ನು ಮೊದಲೇ ಸುರಿಯಬೇಡಿ, ಅಂಚು ಕೆಂಪಾಗಲು ಶುರುವಾದ ಮೇಲೆ ಸುತ್ತ ಬಿಡಿ. ಹಡಗು ಹತ್ತುವ ಮೊದಲು ಒಂದು ತಿಂಗಳು ಕರೆಂಟಿನ ಹಂಚಿನ ಮೇಲೆ ಅಭ್ಯಾಸ ಮಾಡಿ. ಬಾಡಿಗೆಗೆ ಸಿಗುತ್ತದೆ.

ಅಳತೆಯನ್ನು ಗ್ರಾಂನಲ್ಲಿ ಬರೆದು ಕೊಡಿ. ಪಾವು, ಸೇರು, 'ಒಂದು ಹಿಡಿ' ಅಲ್ಲಿ ನಡೆಯುವುದಿಲ್ಲ. ನಾನು ಬರೆದುಕೊಡುವುದು: ದೋಸೆ ಅಕ್ಕಿ 1 ಕಿಲೋ, ಉದ್ದಿನಬೇಳೆ 200 ಗ್ರಾಂ, ಮಂಡಕ್ಕಿ 100 ಗ್ರಾಂ, ಮೆಂತ್ಯ 10 ಗ್ರಾಂ. ಗ್ಯಾಲಿ ತಣ್ಣಗಿರುವುದರಿಂದ ಹಿಟ್ಟು ಹುಳಿ ಬರುವುದಿಲ್ಲ. ಬ್ರೆಡ್ ಹಿಟ್ಟು ಉಬ್ಬಿಸುವ ಬೆಚ್ಚನೆಯ ಕಪಾಟು ಬೇಕರಿ ವಿಭಾಗದಲ್ಲಿರುತ್ತದೆ, ಅದನ್ನು ಕೇಳಿ ಪಡೆಯಿರಿ. ಹಿಟ್ಟು ರಾತ್ರಿಯಿಡೀ ಹೊರಗಿರುತ್ತದೆ ಅಂದರೆ ಅವರು ಗಾಬರಿಯಾಗುತ್ತಾರೆ. ಹುಳಿ ಬರುವುದೇ ವಿಧಾನ ಅಂತ ಮೊದಲೇ ಲಿಖಿತದಲ್ಲಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ.

ಹೊರಗಿನ ಬೆಣ್ಣೆ, ಹಾಲು, ತರಕಾರಿ ಒಳಗೆ ಬಿಡುವುದಿಲ್ಲ. ಹಡಗಿಗೆ ಸರಕು ಬರುವುದು ಒಪ್ಪಿಗೆ ಪಡೆದ ಪೂರೈಕೆದಾರರಿಂದ ಮಾತ್ರ. ಅವರನ್ನು ಶಿಪ್ ಚಾಂಡ್ಲರ್ ಅನ್ನುತ್ತಾರೆ. ನಿಮ್ಮ ಹಳ್ಳಿಯ ಬೆಣ್ಣೆ ಎಷ್ಟೇ ಘಮಘಮ ಅಂದರೂ ಅದು ಪಾಶ್ಚರೀಕರಣ, ಅಂದರೆ ಕಾಯಿಸಿ ರೋಗಾಣು ಕಳೆದದ್ದು ಅಲ್ಲ. ಅಲ್ಲಿರುವ ಉಪ್ಪಿಲ್ಲದ ಬೆಣ್ಣೆಯಲ್ಲೇ ಮಾಡಬೇಕು. ರುಚಿ ಒಂದು ಕೈ ಕಡಿಮೆ, ನಾನೇನು ಸುಳ್ಳು ಹೇಳುವುದಿಲ್ಲ. ನಿಮಗೆ ಬೇಕಾದ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿಯನ್ನು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ನೋಂದಣಿ ಇರುವವರಿಂದ, ಲೇಬಲ್ ಇರುವ ಸೀಲ್ ಪ್ಯಾಕೆಟ್‌ನಲ್ಲಿ, ಚಾಂಡ್ಲರ್ ಮೂಲಕವೇ ತರಿಸಲು ಹೇಳಿ. ತಿಂಗಳ ಮೊದಲು ಹೇಳಬೇಕು.

ಲೆಕ್ಕ ಹಾಕಿ ನೋಡಿ. ದೊಡ್ಡ ದೋಸೆ ಎರಡೆರಡು, ನಾಲ್ಕು ನಿಮಿಷಕ್ಕೊಂದು ಸುತ್ತು ಅಂದರೆ ಗಂಟೆಗೆ 30. ಹಡಗಿನ ಬಫೆಯಲ್ಲಿ ಸಾಲು ಅಷ್ಟು ಕಾಯುವುದಿಲ್ಲ, ಪಿಜ್ಜಾ ಕಡೆ ಹೋಗುತ್ತದೆ. ಅಂಗೈ ಅಗಲದ ದೋಸೆ ಎಂಟೆಂಟು ಹುಯ್ದರೆ ಗಂಟೆಗೆ 120. ನಮ್ಮ ಹೋಟೆಲಿನವರು 'ಅದೇನು ಮಕ್ಕಳ ದೋಸೆನಾ' ಅಂತ ನಗಬಹುದು. ನಗಲಿ. ಹತ್ತು ಬಗೆ ತಿನ್ನಲು ಬಂದವರಿಗೆ ಅಷ್ಟೇ ಸಾಕು.

ತೆಂಗಿನಕಾಯಿ ಚಟ್ನಿ ಬೇಗ ಕೆಡುತ್ತದೆ. ಸ್ವಲ್ಪ ಸ್ವಲ್ಪವೇ ರುಬ್ಬಿಸಿ, 5 ಡಿಗ್ರಿಗಿಂತ ಕೆಳಗಿಡಿ. ಆಲೂಗೆಡ್ಡೆ ಪಲ್ಯ 65 ಡಿಗ್ರಿಗಿಂತ ಮೇಲಿರಲಿ. ಹೀಗಿದ್ದರೆ ತಪಾಸಣೆಯವರು ಸಾಮಾನ್ಯವಾಗಿ ಮಾತಾಡುವುದಿಲ್ಲ. ಕೈಯಿಂದ ರುಚಿ ನೋಡಿದರೆ ಅಂದೇ ನಿಮ್ಮ ಕೊನೆಯ ದಿನ. ಒಂದು ಚಮಚ, ಒಂದು ಸಲ, ಆಮೇಲೆ ಅದು ತೊಳೆಯಲು.

ಶೇಂಗಾ ಬಗ್ಗೆ ಬೇರೆಯೇ ಹೇಳಬೇಕು. ನಮಗೆ ಶೇಂಗಾ ಇಲ್ಲದ ಊಟವೇ ಇಲ್ಲ. ಎಣ್ಣೆಯಿಂದ ಹಿಡಿದು ಚಟ್ನಿವರೆಗೆ ಚಳ್ಳಕೆರೆ ಬದುಕಿದ್ದೇ ಅದರಿಂದ. ಆದರೆ ಕೆಲವು ಜನಕ್ಕೆ ಒಂದು ಕಾಳು ಹೊಟ್ಟೆಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಅಲರ್ಜಿ ಅಂದರೆ ಅದು, ಸುಮ್ನೆ ತುರಿಕೆ ಅಲ್ಲ. ಸಮುದ್ರದ ಮಧ್ಯೆ ಅದು ಪ್ರಾಣದ ಪ್ರಶ್ನೆ. ಮಂಡಕ್ಕಿ ಒಗ್ಗರಣೆಗೆ, ಚಟ್ನಿಗೆ ಶೇಂಗಾ ಹಾಕಿದ್ದರೆ ಬೋರ್ಡಿನಲ್ಲಿ ಬರೆಸಿ. ಎಳ್ಳು, ಸಾಸಿವೆ, ಹಾಲು, ಗೋಧಿ ಇದ್ದರೂ ಬರೆಸಿ. ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಶೇಂಗಾ ಮುಟ್ಟಿದ ಸೌಟನ್ನು ದೋಸೆ ಹಿಟ್ಟಿಗೆ ಅದ್ದಬೇಡಿ.

ಮಿರ್ಚಿ ಬಜ್ಜಿಯನ್ನು ಜನರ ಮುಂದೆ ಬಾಣಲೆ ಇಟ್ಟು ಕರಿಯಲು ಬಿಡುವುದಿಲ್ಲ. ಓಲಾಡುವ ನೆಲ, ಕಾದ ಎಣ್ಣೆ, ನೀವೇ ಯೋಚಿಸಿ. ಗ್ಯಾಲಿಯ ಫ್ರೈಯರ್‌ನಲ್ಲಿ ಕರಿದು ತರಬೇಕು. ಖಾರ ಕಡಿಮೆಯ ದಪ್ಪ ಮೆಣಸಿನಕಾಯಿ ತೆಗೆದುಕೊಳ್ಳಿ. ಮಂಡಕ್ಕಿ ಕಡಲ ಗಾಳಿಗೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಪ್ಯಾಕೆಟ್ ಒಡೆದು, ತಟ್ಟೆಗೊಂದರಂತೆ ಆಗಲೇ ಕಲಸಿ ಕೊಡಿ. ನರ್ಗಿಸ್ ಮಂಡಕ್ಕಿ ಈ ಕೆಲಸಕ್ಕೆ ಬಹಳ ಚೆನ್ನ, ನೋಡಲೂ ಬಣ್ಣ. ಕಡಕ್ ರೊಟ್ಟಿಯ ಬಗ್ಗೆ ಚಿಂತೆಯೇ ಇಲ್ಲ. ಹಿಂದಿನ ಕಾಲದ ನಾವಿಕರು ತಿಂಗಳುಗಟ್ಟಲೆ ತಿಂದಿದ್ದು ಅಂಥದ್ದೇ ಒಣ ಬಿಸ್ಕತ್ತು.

7. ಕಂಬಳಿ, ಸೀರೆ ತೋರಿಸುವವರಿಗೆ

ಚಿಕ್ಕ ಮಾತು. ಮಾರಾಟಕ್ಕಿಂತ ಮೊದಲು ಕೆಲಸ ತೋರಿಸಿ. ಉಣ್ಣೆ ನೂಲುವ ರಾಟೆ, ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿಯ ಒಂದು ತುಂಡು, ಮುಟ್ಟಿ ನೋಡಲು. ಮೊಳಕಾಲ್ಮೂರು ಸೀರೆಗೆ ಜಿಐ ಗುರುತು ಇದೆ, ಅಂದರೆ ಆ ಹೆಸರು ಆ ಊರಿನ ನೇಯ್ಗೆಗೇ ಸಲ್ಲುತ್ತದೆ ಅನ್ನುವ ಕಾನೂನಿನ ರಕ್ಷಣೆ. ಅದನ್ನು ಬೋರ್ಡಿನಲ್ಲಿ ಬರೆಸಿ. ಪೂರ್ತಿ ಸೀರೆ ಕೊಳ್ಳುವ ವಿದೇಶಿಯರು ಕಡಿಮೆ, ಅದೇ ರೇಷ್ಮೆಯ ಸ್ಟೋಲ್ ಕೊಳ್ಳುತ್ತಾರೆ. ಹಡಗಿನೊಳಗೆ ಅಂಗಡಿ ಹಾಕುವ ಹಕ್ಕು ಬೇರೆ ಗುತ್ತಿಗೆದಾರರದ್ದಾಗಿರುತ್ತದೆ. ಮಾರುವುದಿದ್ದರೆ ಮೊದಲೇ ಕೇಳಿ, ಇಲ್ಲದಿದ್ದರೆ ಜೆಟ್ಟಿಯ ಟರ್ಮಿನಲ್‌ನಲ್ಲಿ ಜಾಗ ಕೇಳಿ.

8. ಹಡಗಿನ ನೌಕರಿಯೇ ಬೇಕು ಅನ್ನುವವರಿಗೆ

ಇಲ್ಲಿ ಮೋಸ ಜಾಸ್ತಿ, ಆದ್ದರಿಂದ ನಿಧಾನವಾಗಿ ಓದಿ.

ಬೇಕಾದದ್ದು: ಪಾಸ್‌ಪೋರ್ಟ್. ಎಸ್‌ಟಿಸಿಡಬ್ಲ್ಯೂ ಮೂಲ ತರಬೇತಿ, ಅಂದರೆ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಸುರಕ್ಷತೆಯ ಹೊಣೆ, ಜೊತೆಗೆ ಭದ್ರತಾ ತರಬೇತಿ. ಇದು ಮುಂಬೈ, ಗೋವಾ, ಕೊಚ್ಚಿ, ಚೆನ್ನೈನಂಥ ಕಡೆ ಡಿಜಿ ಶಿಪ್ಪಿಂಗ್ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಸಿಗುತ್ತದೆ. ಡಿಜಿ ಶಿಪ್ಪಿಂಗ್ ಅಂದರೆ ಹಡಗಿನ ವ್ಯವಹಾರ ನೋಡುವ ಕೇಂದ್ರ ಸರ್ಕಾರದ ಕಚೇರಿ. ಆಮೇಲೆ ಇಂಡಾಸ್ ಸಂಖ್ಯೆ, ಅದು ನಾವಿಕರ ಗುರುತಿನ ಸಂಖ್ಯೆ. ಸಿಡಿಸಿ, ಅದು ನಾವಿಕರ ಸೇವಾ ಪುಸ್ತಕ. ಮಾನ್ಯತೆ ಇರುವ ವೈದ್ಯರ ಆರೋಗ್ಯ ಪತ್ರ.

ಕೆಲಸ ಕೊಡಿಸುವ ಏಜೆಂಟ್ ಹತ್ತಿರ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸಲು ಡಿಜಿ ಶಿಪ್ಪಿಂಗ್ ಕೊಡುವ ಪರವಾನಗಿ ಇದೆಯಾ ನೋಡಿ. ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿದೆ. ಹೆಸರು ಮಾತ್ರ ಅಲ್ಲ, ಪರವಾನಗಿ ಸಂಖ್ಯೆ, ಅವಧಿ, ಅಲ್ಲಿ ಕೊಟ್ಟಿರುವ ಫೋನ್ ನಂಬರ್ ಮೂರನ್ನೂ ತಾಳೆ ಹಾಕಿ. ಆ ನಂಬರಿಗೇ ಫೋನ್ ಮಾಡಿ ಕೇಳಿ. ಕೆಲಸ ಕೊಡಿಸುವುದಕ್ಕೆ ನಾವಿಕರಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ. 2006ರ ಕಡಲ ಕಾರ್ಮಿಕರ ಒಪ್ಪಂದ ಅದನ್ನು ಹೇಳುತ್ತದೆ, ಭಾರತ 2015ರಲ್ಲಿ ಅದಕ್ಕೆ ಸಹಿ ಮುದ್ರೆ ಒತ್ತಿದೆ. ಪಾಸ್‌ಪೋರ್ಟ್, ಸಿಡಿಸಿ, ಆರೋಗ್ಯ ಪತ್ರದ ಖರ್ಚು ನಿಮ್ಮದು. 'ಸೀಟ್ ಕನ್ಫರ್ಮ್ ಮಾಡ್ಸಕ್ಕೆ ಎರಡು ಲಕ್ಷ' ಅಂದರೆ ಅಲ್ಲಿಗೆ ಮಾತು ಮುಗಿಸಿ ಎದ್ದು ಬನ್ನಿ. ನನ್ನ ಪರಿಚಯದ ಹುಡುಗನೊಬ್ಬ ಹೊಲ ಅಡವಿಟ್ಟು ಕೊಟ್ಟ ಹಣ ಇನ್ನೂ ವಾಪಸ್ ಬಂದಿಲ್ಲ.

ಸಹಿ ಹಾಕುವ ಮೊದಲು ಕರಾರು ಪತ್ರ ಓದಿ. ಹುದ್ದೆ ಏನು, ಸಂಬಳ ಯಾವ ಹಣದಲ್ಲಿ, ಎಷ್ಟು ತಿಂಗಳು, ವಾಪಸ್ ಟಿಕೆಟ್ ಯಾರದ್ದು. ನಿಯಮದ ಪ್ರಕಾರ ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು. ಹಾಗಂತ ಕೆಲಸ ಹಗುರ ಅಂದುಕೊಳ್ಳಬೇಡಿ. ವಾರದ ರಜೆ ಅನ್ನುವುದೇ ಇರುವುದಿಲ್ಲ. ದಾವಣಗೆರೆಯಲ್ಲಿ ಇಪ್ಪತ್ತು ವರ್ಷ ದೋಸೆ ಹುಯ್ದ ಭಟ್ಟರನ್ನೂ ಅಲ್ಲಿ 'ಕಮ್ಮಿ' ಅಂತ, ಅಂದರೆ ಅಡುಗೆಯವರ ಕೆಳಗಿನ ಮೆಟ್ಟಿಲಿನಲ್ಲಿ, ಶುರುಮಾಡಿಸುತ್ತಾರೆ. ಈರುಳ್ಳಿ ಹೆಚ್ಚಲು ಮನಸ್ಸಿದ್ದರೆ ಹೋಗಿ.

ಚರ್ಮವಾದ್ಯ ಹೊರದೇಶಕ್ಕೆ ಒಯ್ಯುವವರು ಒಂದನ್ನು ಗಮನಿಸಿ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಪ್ರಾಣಿಯ ಚರ್ಮ ಇದೆ ಅಂತ ಮೊದಲೇ ಬರೆದು ತಿಳಿಸಬೇಕು. ಬಚ್ಚಿಟ್ಟರೆ ದಂಡ.

9. ದುಡ್ಡು

ಒಟ್ಟು ಮೊತ್ತ ಹೇಳುವಾಗ ಮಿನಿ ಬಸ್, ಒಂದು ರಾತ್ರಿ ತಂಗುವುದು, ಮೂರು ಹೊತ್ತು ಊಟ, ಕಲಾವಿದರ ಸಂಭಾವನೆ, ಡೊಳ್ಳಿನ ಚರ್ಮ ಸವೆದದ್ದು ಎಲ್ಲ ಸೇರಿಸಿ. ಹವಾಮಾನ ಕೆಟ್ಟು ಹಡಗು ಬಂದರಿಗೆ ಬಾರದೆ ಮುಂದೆ ಹೋಗಿಬಿಡುವುದುಂಟು. ಆಗ ಏನು ಕೊಡುತ್ತೀರಿ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ. ಕನಿಷ್ಠ ಪ್ರಯಾಣದ ಖರ್ಚಾದರೂ ಮುಂಗಡ ಬಂದಿರಬೇಕು.

ಹಣ ಬ್ಯಾಂಕಿಗೇ ಬರುತ್ತದೆ. ತಂಡದ ಹೆಸರಿನಲ್ಲಿ ಖಾತೆ, ಪ್ಯಾನ್ ಇರಲಿ. ಟಿಡಿಎಸ್ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಟಿಡಿಎಸ್ ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ. ಅದರ ಪತ್ರ ಕೇಳಿ ಇಟ್ಟುಕೊಂಡರೆ, ರಿಟರ್ನ್ಸ್ ಹಾಕಿದಾಗ ನಿಮಗೆ ಸಲ್ಲಬೇಕಾದದ್ದು ವಾಪಸ್ ಬರುತ್ತದೆ. ಹಡಗಿನವರಿಂದ ಹಣ ಬರಲು ತಿಂಗಳು, ಒಂದೂವರೆ ತಿಂಗಳು ಹಿಡಿಯಬಹುದು ಅಂತ ಕಲಾವಿದರಿಗೆ ಹೊರಡುವ ಮೊದಲೇ ಹೇಳಿ. ಬಿಲ್ಲನ್ನು ಊರು ಮುಟ್ಟಿದ ಮಾರನೇ ದಿನವೇ ಕಳಿಸಿ. ಡೊಳ್ಳನ್ನು ಮಾತ್ರ ಅದಕ್ಕೂ ಮೊದಲು, ಬಸ್ಸಿನಿಂದ ಇಳಿಸಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಹಗ್ಗ ಸಡಿಲಿಸಿ, ನೆರಳಲ್ಲಿ ಇಡಿ. ಉಪ್ಪಿನ ಗಾಳಿ ತಿಂದ ಚರ್ಮವನ್ನು ಹಾಗೇ ಬಿಸಿಲಿಗೆ ಒಡ್ಡಿದರೆ ಸೀಳುತ್ತದೆ.